ಹೆಸರಿಟ್ಟು ಬೇಡುವ ಪ್ರಾರ್ಥನೆ

1836ನೆಯ ಇಸವಿಯ ಫೆಬ್ರವರಿ 3ನೆಯ ದಿನ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ, ಆರಾಧನಾಮಂದಿರಕ್ಕೆ ಸೇರಿದ ಒಂದು ಕೋಣೆಯಲ್ಲಿ, ಮೂವತ್ತು ವರ್ಷ ವಯಸ್ಸಿನ ಸಭಾಪಾಲಕರೊಬ್ಬರು ಅನಾಥ ಮಕ್ಕಳ ಪರವಾಗಿ ಬರಬಹುದಾದ ಅರ್ಜಿಗಳನ್ನು ನಿರೀಕ್ಷಿಸುತ್ತ ಎರಡು ಗಂಟೆಗಳ ಕಾಲ ಕುಳಿತಿದ್ದು, ಒಂದು ಅರ್ಜಿಯೂ ಬಾರದಿರಲು ಎದ್ದು ಮನೆಯ ಕಡೆ ನಡೆದರು. ಅವರ ಹೆಸರು ಜಾರ್ಜ್ ಮುಲ್ಲರ್. ಪ್ರಷ್ಯದಲ್ಲಿ ಹುಟ್ಟಿ, ಯೌವನದಲ್ಲಿ ಸಾಲ ವಂಚನೆಗಳಿಗಾಗಿ ಸೆರೆಮನೆಯನ್ನೂ ಕಂಡು, ಹಾಲೆಯ ವಿದ್ಯಾರ್ಥಿದೆಸೆಯಲ್ಲಿ ಒಂದು ಮನೆಯ ಪ್ರಾರ್ಥನಾಕೂಟದಲ್ಲಿ ಮೊಣಕಾಲೂರಿ ಬೇಡುವ ಮನುಷ್ಯನನ್ನು ಜೀವಮಾನದಲ್ಲಿಯೇ ಮೊದಲ ಬಾರಿಗೆ ನೋಡಿ ಮನಸ್ಸು ತಿರುಗಿದವರು. ಹಿಂದಿನ ಡಿಸೆಂಬರಿನಲ್ಲಿ ಎಂಬತ್ತೊಂದನೆಯ ಕೀರ್ತನೆಯನ್ನು ಓದುತ್ತಿದ್ದಾಗ ಉದಿಸಿದ ಪ್ರೇರಣೆಗೆ ಓಗೊಟ್ಟು, ಅನಾಥಾಲಯಕ್ಕೆ ಒಂದು ಮನೆ ಬೇಕು, ಸಾವಿರ ಪೌಂಡು ಹಣ ಬೇಕು, ಮಕ್ಕಳನ್ನು ಸಾಕಿ ಸಲಹಲು ತಕ್ಕ ಜನ ಬೇಕು ಎಂದು ಅವರು ಒಂದೊಂದನ್ನೂ ಹೆಸರಿಟ್ಟು ದೇವರಲ್ಲಿ ಬೇಡಿಕೊಂಡಿದ್ದರು. ಬೇಡಿದ್ದು ಬರತೊಡಗಿಯೂ ಇತ್ತು. ಈಗ ಅವರಿಗೆ ಹೊಳೆಯಿತು: ಇಷ್ಟನ್ನೆಲ್ಲ ಕೇಳಿದ ತಾವು, ಮಕ್ಕಳನ್ನು ಕಳುಹಿಸಿಕೊಡೆಂದು ಮಾತ್ರ ಒಮ್ಮೆಯೂ ಕೇಳಿರಲಿಲ್ಲ! ಅನಾಥರಿಗೇನು ಕೊರತೆ, ಬಾಗಿಲು ತೆರೆದರೆ ಬಂದೇ ಬರುವರು ಎಂದು ನೆಚ್ಚಿಬಿಟ್ಟಿದ್ದರು. ಆ ಸಂಜೆ ಅದನ್ನೂ ದೇವರ ಸನ್ನಿಧಿಯಲ್ಲಿ ಅರಿಕೆಮಾಡಿಕೊಂಡರು. ಮರುದಿನ ಮೊದಲನೆಯ ಅರ್ಜಿ ಬಂದಿತು.

ಈ ಪ್ರಸಂಗವನ್ನು ಪವಾಡವೆಂದು ಕೊಂಡಾಡುವವರು ಉಂಟು. ನನಗೆ ಮರುದಿನದ ಅರ್ಜಿಗಿಂತ ಹಿಂದಿನ ಸಂಜೆಯ ಅರಿವು ಹೆಚ್ಚು ಬೆಲೆಯುಳ್ಳದ್ದಾಗಿ ತೋರುತ್ತದೆ. ತಾನು ಏನನ್ನು ಬೇಡಿದೆನೆಂಬುದನ್ನು ಖಚಿತವಾಗಿ ಬಲ್ಲವನಿಗೆ ಮಾತ್ರ, ತಾನು ಏನನ್ನು ಬೇಡಲು ಮರೆತೆನೆಂಬುದು ಗೋಚರವಾದೀತು. ಲೋಕಕ್ಕೆಲ್ಲ ಒಳಿತಾಗಲಿ, ಎಲ್ಲರ ಕಷ್ಟಗಳೂ ಪರಿಹಾರವಾಗಲಿ ಎಂದು ನಾವು ದಿನವೂ ಒಪ್ಪಿಸುವ ಪ್ರಾರ್ಥನೆ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಅದಕ್ಕೆ ಉತ್ತರ ಬಂದರೂ ತಿಳಿಯದು, ಬಾರದಿದ್ದರೂ ತಿಳಿಯದು. ಇದನ್ನು ನಾವು ವಿನಯವೆಂದು ಭಾವಿಸುತ್ತೇವೆ. ದೇವರಿಗೆ ಇಂಥದೇ ಬೇಕೆಂದು ಹೇಳಲು ನಾವಾರು ಎಂಬ ಮಾತು ಕೇಳುವುದಕ್ಕೂ ಹಿತವಾಗಿದೆ. ಆದರೆ ಆ ವಿನಯದ ಅಡಿಯಲ್ಲಿ ಅನೇಕ ವೇಳೆ ಅಡಗಿರುವುದು ಅಂಜಿಕೆ: ಹೆಸರು ಹೇಳಿ ಕೇಳಿದ್ದು ದೊರೆಯದೆ ಹೋದರೆ ನನ್ನ ವಿಶ್ವಾಸದ ಗತಿಯೇನು? ಆದಕಾರಣ ದೇವರ ಮರ್ಯಾದೆಯನ್ನು ಕಾಯುವವರಂತೆ ಮಾತನಾಡಿ, ವಾಸ್ತವವಾಗಿ ನಮ್ಮನ್ನೇ ಕಾಯ್ದುಕೊಳ್ಳುತ್ತೇವೆ.

ಸತ್ಯವೇದದಲ್ಲಿ ಕಾಣುವ ಪ್ರಾರ್ಥನೆಗಳ ರೀತಿಯೇ ಬೇರೆ. ಯೆರಿಕೋವಿನ ದಾರಿಯ ಬದಿಯಲ್ಲಿ ಕುಳಿತು ಕೂಗಿದ ಕುರುಡ ಬಾರ್ತಿಮಾಯನಿಗೆ ಏನು ಬೇಕೆಂಬುದು ನೆರೆದ ಜನಕ್ಕೆಲ್ಲ ಕಾಣುತ್ತಿದ್ದರೂ, ನಿನಗಾಗಿ ನಾನೇನು ಮಾಡಬೇಕೆಂದು ಯೇಸುಸ್ವಾಮಿ ಅವನ ಬಾಯಿಂದಲೇ ಕೇಳಿಸಿಕೊಂಡ ಮೇಲೆ ಅವನಿಗೆ ದೃಷ್ಟಿಯನ್ನು ಕೊಟ್ಟನು. ಲೂಕನ ಸುವಾರ್ತೆಯ ಸಾಮ್ಯದಲ್ಲಿ ನಡುರಾತ್ರಿ ಸ್ನೇಹಿತನ ಮನೆಯ ಕದ ತಟ್ಟಿದವನು, ಮನೆಯಲ್ಲಿ ಏನಾದರೂ ಇದ್ದರೆ ಕೊಡು ಎನ್ನಲಿಲ್ಲ. ಮೂರು ರೊಟ್ಟಿಗಳನ್ನು ಕೇಳಿದನು. ಆ ಎಣಿಕೆಯಲ್ಲಿ ಅವನ ಮನೆಗೆ ಬಂದಿಳಿದ ಅತಿಥಿಯ ಹಸಿವೂ, ಬರಿದಾದ ಅವನ ಅಡಿಗೆಮನೆಯೂ ನಮಗೆ ಕಣ್ಣಿಗೆ ಕಟ್ಟುತ್ತವೆ.

ಉದ್ದೇಶವುಳ್ಳ ಪ್ರಾರ್ಥನೆಗೆ ನೆಹೆಮೀಯನಿಗಿಂತ ಮಿಗಿಲಾದ ನಿದರ್ಶನ ನನಗೆ ತಿಳಿಯದು. ಪಾರಸಿಯ ಅರಸ ಅರ್ತಷಸ್ತನಿಗೆ ದ್ರಾಕ್ಷಾರಸದ ಪಾತ್ರೆಯನ್ನು ಎತ್ತಿಕೊಡುವ ಸೇವೆಯಲ್ಲಿ ಶೂಷನಿನ ಅರಮನೆಯಲ್ಲಿದ್ದ ಈ ಯೆಹೂದ್ಯನಿಗೆ, ಯೆರೂಸಲೇಮಿನ ಗೋಡೆ ಬಿದ್ದಿದೆ, ಬಾಗಿಲುಗಳು ಸುಟ್ಟುಹೋಗಿವೆ ಎಂಬ ವಾರ್ತೆ ಮುಟ್ಟಿದ್ದು ಕಿಸ್ಲೇವ್ ಮಾಸದಲ್ಲಿ. ಅವನು ಅತ್ತನು, ಉಪವಾಸ ಮಾಡಿದನು, ಹಗಲಿರುಳು ಪ್ರಾರ್ಥಿಸಿದನು. ಅರಸನೆದುರು ಆ ಮಾತನ್ನೆತ್ತುವ ಸಂದರ್ಭ ಒದಗಿದ್ದು ನೀಸಾನ್ ಮಾಸದಲ್ಲಿ; ನಡುವೆ ನಾಲ್ಕು ತಿಂಗಳು ಕಳೆದಿದ್ದವು. ನಿನಗೆ ಬೇಕಾದುದೇನೆಂದು ಅರಸನು ಕೇಳಿದ ಆ ಕ್ಷಣದಲ್ಲಿ ಪರಲೋಕದ ದೇವರನ್ನು ಮನಸ್ಸಿನಲ್ಲಿಯೇ ಪ್ರಾರ್ಥಿಸಿ ಅವನು ಕೊಟ್ಟ ಉತ್ತರವನ್ನು ನೋಡಿರಿ: ಊರಿಗೆ ಹೋಗಿಬರಲು ಇಷ್ಟು ಕಾಲಾವಕಾಶ, ನದಿಯಾಚೆಯ ಅಧಿಪತಿಗಳಿಗೆ ರಹದಾರಿಯ ಪತ್ರಗಳು, ಕೋಟೆಯ ಬಾಗಿಲುಗಳಿಗೂ ಪಟ್ಟಣದ ಗೋಡೆಗೂ ತಾನು ಇಳಿದುಕೊಳ್ಳುವ ಮನೆಗೂ ತೊಲೆಗಳನ್ನು ಕೊಡುವಂತೆ ಅರಣ್ಯಪಾಲಕ ಆಸಾಫನಿಗೆ ಒಂದು ಅಪ್ಪಣೆ. ಅಳುತ್ತ ಆರಂಭಿಸಿದ ಪ್ರಾರ್ಥನೆ ನಾಲ್ಕು ತಿಂಗಳಲ್ಲಿ ಮರದ ತೊಲೆಗಳ ಲೆಕ್ಕದವರೆಗೆ ಬಂದು ಮುಟ್ಟಿತ್ತು. ದೇವರೊಡನೆ ಮಾತನಾಡುತ್ತ ಮಾತನಾಡುತ್ತ ಅವನ ದುಃಖವೇ ಯೋಜನೆಯಾಯಿತೆಂದು ನಾನು ತಿಳಿಯುತ್ತೇನೆ. ಮುಂದೆ ಶತ್ರುಗಳು ಅಡ್ಡಬಂದಾಗ ಅವನು ಪ್ರಾರ್ಥನೆಯನ್ನೂ ಮಾಡಿದನು, ಕಾವಲನ್ನೂ ಇಟ್ಟನು. ಒಂದು ಮತ್ತೊಂದಕ್ಕೆ ವಿರುದ್ಧವೆಂಬ ಸಂದೇಹ ಅವನನ್ನು ಬಾಧಿಸಲಿಲ್ಲ. ಗೋಡೆ 52 ದಿನಗಳಲ್ಲಿ ಮುಗಿಯಿತು.

ಇನ್ನು ಭರವಸೆಯ ಮಾತು. ಕೃಪಾಸನದ ಮುಂದೆ ಧೈರ್ಯವಾಗಿ ಬರಬಹುದೆಂದು ಇಬ್ರಿಯರಿಗೆ ಬರೆದ ಪತ್ರಿಕೆ ಹೇಳುವಾಗ, ಆ ಧೈರ್ಯಕ್ಕೆ ಅದು ಕೊಡುವ ಆಧಾರ ಬೇಡುವವನ ಯೋಗ್ಯತೆಯೂ ಅಲ್ಲ, ಅವನ ನಂಬಿಕೆಯ ಪ್ರಮಾಣವೂ ಅಲ್ಲ. ನಮ್ಮಂತೆಯೇ ಶೋಧನೆಗಳನ್ನು ಅನುಭವಿಸಿ ನಮ್ಮ ಬಲಹೀನತೆಯನ್ನು ಬಲ್ಲ ಮಹಾಯಾಜಕನೊಬ್ಬನು ಅಲ್ಲಿದ್ದಾನೆ ಎಂಬುದೊಂದೇ. ಮಗುವು ತಂದೆಯ ಕೋಣೆಯ ಬಾಗಿಲನ್ನು ತಟ್ಟದೆ ಒಳಗೆ ನುಗ್ಗುವುದು, ಕೇಳಿದ್ದು ಸಿಕ್ಕೇ ಸಿಗುವುದೆಂಬ ನಿಶ್ಚಯದಿಂದಲ್ಲ, ಆತನು ತನ್ನ ತಂದೆಯೆಂಬ ಸಲಿಗೆಯಿಂದ. ಈ ಭೇದವನ್ನು ಮರೆತ ಕಡೆ ಘೋರವಾದ ಅನ್ಯಾಯ ನಡೆಯುತ್ತದೆ. ಸ್ವಸ್ಥತೆಯ ಕೂಟಗಳಲ್ಲಿ, ಗುಣವಾಗದ ರೋಗಿಯ ಕಡೆಗೆ ತಿರುಗಿ, ನಿನ್ನಲ್ಲಿ ವಿಶ್ವಾಸ ಸಾಲದು ಎಂದು ಹೇಳುವವರಿದ್ದಾರೆ. ವ್ಯಾಧಿಯಿಂದ ನರಳುವವನ ಮೇಲೆ ಅಪರಾಧದ ಹೊರೆಯನ್ನೂ ಹೊರಿಸುವ ಈ ಬೋಧೆಯನ್ನು ಕ್ರೂರವೆಂದಲ್ಲದೆ ಬೇರೆ ಯಾವ ಮಾತಿನಿಂದಲೂ ಕರೆಯಲಾರೆ. ಗೆತ್ಸೇಮನೆಯ ತೋಟದಲ್ಲಿ ದೇವಕುಮಾರನು ಬೇಡಿದ್ದು ಅಸ್ಪಷ್ಟವಾದ ಯಾವುದನ್ನೂ ಅಲ್ಲ, ಸಾಧ್ಯವಾದರೆ ಈ ಪಾತ್ರೆ ತನ್ನಿಂದ ತೊಲಗಲಿ ಎಂದು ಬೇಡಿದನು, ಮೂರು ಬಾರಿ ಬೇಡಿದನು, ತಂದೆಯ ಚಿತ್ತಕ್ಕೆ ತನ್ನನ್ನು ಒಪ್ಪಿಸಿಕೊಂಡೇ ಬೇಡಿದನು, ಪಾತ್ರೆ ತೊಲಗಲಿಲ್ಲ. ಅಪೊಸ್ತಲನಾದ ಪೌಲನೂ ತನ್ನ ಶರೀರದಲ್ಲಿ ನಾಟಿದ ಮುಳ್ಳಿಗಾಗಿ ಮೂರಾವರ್ತಿ ಮೊರೆಯಿಟ್ಟನು. ಮುಳ್ಳು ಉಳಿಯಿತು, ಅದನ್ನು ಸಹಿಸುವ ಕೃಪೆ ದೊರೆಯಿತು. ಇವರಲ್ಲಿ ವಿಶ್ವಾಸ ಸಾಲದೆ ಹೋಯಿತೆಂದು ಹೇಳುವ ಎದೆ ಯಾರಿಗಿದೆ?

ಮುಲ್ಲರರ ಬಾಳು ನನಗೆ ಆಪ್ತವಾಗಿರುವುದಕ್ಕೂ ಇದೇ ಕಾರಣ. ಅವರ ಸಾವಿರ ಪೌಂಡು ಆಕಾಶದಿಂದ ಉದುರಲಿಲ್ಲ. ಮೊದಲು ಬಂದದ್ದು ಒಂದು ಶಿಲಿಂಗ್, ಆಮೇಲೆ ಮತ್ತೊಂದು. ವಾರಕ್ಕೆ ಕೆಲವೇ ಶಿಲಿಂಗುಗಳನ್ನು ದುಡಿಯುತ್ತಿದ್ದ ರೋಗಪೀಡಿತಳಾದ ಹೊಲಿಗೆಯ ಹೆಣ್ಣುಮಗಳೊಬ್ಬಳು, ತನಗೆ ಪಿತ್ರಾರ್ಜಿತವಾಗಿ ಬಂದ ಹಣದಲ್ಲಿ ನೂರು ಪೌಂಡನ್ನು ತಂದುಕೊಟ್ಟಳು. ಮುಲ್ಲರರು ಅದನ್ನು ಕೂಡಲೇ ಕೈಚಾಚಿ ತೆಗೆದುಕೊಳ್ಳದೆ, ಆಕೆ ಆವೇಶದಿಂದ ಕೊಡುತ್ತಿಲ್ಲವಷ್ಟೆ ಎಂದು ಮಾತನಾಡಿ ನೋಡಿದರು. ಇಡಿಯ ಮೊತ್ತ ಕೂಡಿದ್ದು ಒಂದೂವರೆ ವರ್ಷದ ಮೇಲೆ, 1837ರ ಜೂನಿನಲ್ಲಿ. ಬಂದುದೆಲ್ಲವೂ ದಿನಾಂಕದೊಡನೆ ಲೆಕ್ಕಕ್ಕೆ ಏರಿತು. ಮನುಷ್ಯರ ಮುಂದೆ ಕೈಯೊಡ್ಡದ ಇವರು ವರ್ಷವರ್ಷವೂ ಅಚ್ಚುಮಾಡಿಸುವ ವರದಿಯೇ ಒಂದು ಬಗೆಯ ಯಾಚನೆಯಲ್ಲವೆ ಎಂದು ಆಕ್ಷೇಪಿಸಿದವರುಂಟು, ಆ ಆಕ್ಷೇಪದಲ್ಲಿ ಹುರುಳಿಲ್ಲದೆಯೂ ಇಲ್ಲ. ಆದರೆ 1841ರ ಕೊನೆಯಲ್ಲಿ ಕೈ ಬರಿದಾಗಿದ್ದ ಹೊತ್ತಿನಲ್ಲಿಯೇ, ವರದಿ ಯಾಚನೆಯಾಗಿ ತೋರಬಾರದೆಂದು, ಅವರು ಅದರ ಪ್ರಕಟಣೆಯನ್ನು ಮುಂದಕ್ಕೆ ಹಾಕಿದರು. ಆಶ್ಲಿ ಡೌನ್ ಎಂಬ ಎತ್ತರದ ನೆಲದಲ್ಲಿ 1870ರ ಹೊತ್ತಿಗೆ ಐದು ಭವನಗಳು ಎದ್ದು 2,050 ಮಕ್ಕಳಿಗೆ ಆಶ್ರಯವಾದುವು. ಅದೇ 1870ರ ಫೆಬ್ರವರಿಯಲ್ಲಿ ಅವರ ಪತ್ನಿ ಮೇರಿ ವಾತಜ್ವರದಿಂದ ತೀರಿಕೊಂಡರು. ಗಂಡು ಮಗುವೊಂದನ್ನು ಅವರು ಬಹಳ ಹಿಂದೆಯೇ ಕಳೆದುಕೊಂಡಿದ್ದರು. ಪತ್ನಿಯ ಶವಸಂಸ್ಕಾರದ ಕಾಲದಲ್ಲಿ ಮುಲ್ಲರರು ತಾವೇ ನಿಂತು, ಆಕೆಯನ್ನು ಕೊಟ್ಟುದರಲ್ಲಿಯೂ, ಇಷ್ಟು ಕಾಲ ಉಳಿಸಿದ್ದರಲ್ಲಿಯೂ, ಈಗ ತೆಗೆದುಕೊಂಡುದರಲ್ಲಿಯೂ ದೇವರು ಒಳ್ಳೆಯವನೆಂದು ಉಪದೇಶ ಮಾಡಿದರು. ಇಲ್ಲವೆಂಬ ಉತ್ತರವನ್ನೂ ತಂದೆಯ ಕೈಯಿಂದಲೇ ತೆಗೆದುಕೊಳ್ಳಬಲ್ಲವರು ಅವರಾಗಿದ್ದುದರಿಂದ, ಇಂಥದೇ ಬೇಕೆಂದು ಕೇಳಲು ಅವರಿಗೆ ಅಂಜಿಕೆಯಿರಲಿಲ್ಲ.

ನಮ್ಮ ಸಭೆಗಳಲ್ಲಿ ಭಾನುವಾರದ ಆರಾಧನೆಯಲ್ಲಿ ಮಧ್ಯಸ್ಥಿಕೆಯ ಪ್ರಾರ್ಥನೆಯನ್ನು ನಡೆಸುವ ಹಿರಿಯರಲ್ಲಿ ನನ್ನದೊಂದು ವಿನಂತಿ. ರೋಗಿಗಳೆಲ್ಲರಿಗಾಗಿ ಎಂದು ಹೇಳಿ ಮುಗಿಸದೆ, ಮನೆಯವರ ಒಪ್ಪಿಗೆ ಪಡೆದು ಒಬ್ಬ ರೋಗಿಯ ಹೆಸರನ್ನು ಹೇಳಿರಿ; ನಿರುದ್ಯೋಗಿಗಳಿಗಾಗಿ ಎನ್ನುವಾಗ, ನಿಮ್ಮೆದುರಿನ ಸಾಲುಪೀಠದಲ್ಲಿ ಕೆಲಸವಿಲ್ಲದೆ ಕುಳಿತಿರುವ ಹುಡುಗನಿಗೆ ಇಂಥ ಕೆಲಸ ದೊರೆಯಲೆಂದು ಬೇಡಿರಿ. ತಿಂಗಳು ಕಳೆದ ಮೇಲೆ ಏನಾಯಿತೆಂಬುದನ್ನು ಅದೇ ಸಭೆಗೆ ತಿಳಿಸಿರಿ, ಆಗದೆ ಹೋಗಿದ್ದರೆ ಆಗಲಿಲ್ಲವೆಂದೇ ತಿಳಿಸಿರಿ, ಮತ್ತು ಆ ಹುಡುಗನಿಗಾಗಿ ಇನ್ನೊಮ್ಮೆ ಬೇಡಿರಿ.