ಮಾರಿಕುಪ್ಪಂ ರೈಲೂ ಎಂ.ಬಿ.ಎ. ಸೀಟೂ

ಬೆಳಕು ಹರಿಯೋ ಮುಂಚೆ ಮಾರಿಕುಪ್ಪಂನಲ್ಲಿ ರೈಲು ಹತ್ತಿ, ಬಂಗಾರಪೇಟೆ ದಾಟಿ ಬೆಂಗಳೂರಿಗೆ ದುಡಿಯಲು ಹೋಗುವವರು ನಮ್ಮ ಜನ. 2001ರಲ್ಲಿ ಚಿನ್ನದ ಗಣಿ ಬಾಗಿಲು ಹಾಕಿದ ಮೇಲೆ ಎಷ್ಟೋ ಮನೆಗಳಿಗೆ ಅನ್ನದ ದಾರಿ ಈ ಹಳಿಯೇ. ಈಗ ಅದೇ ಬೋಗಿಯಲ್ಲಿ ಡಿಗ್ರಿ ಮುಗಿಸಿದ ಹುಡುಗರ ಬಾಯಲ್ಲಿ ಎಂ.ಬಿ.ಎ. ಮಾತು.

ಮಾಡಲಿ ಸ್ವಾಮಿ, ಬೇಡ ಅಂದವರಾರು? ಆದರೆ ಯಾವ ಬಾಗಿಲಿಂದ?

ಮುಖ್ಯ ಬಾಗಿಲು ಮೂರು. ಒಂದು, ಐ.ಐ.ಎಂ.ಗಳ ಕ್ಯಾಟ್ ಪರೀಕ್ಷೆ. 1973ರಲ್ಲಿ ಶುರುವಾದ ಬೆಂಗಳೂರು ಐ.ಐ.ಎಂ. ಬರೀ ಕ್ಯಾಟ್ ಅಂಕಕ್ಕೆ ಮಣಿಯುವುದಿಲ್ಲ. ಎಸ್ಸೆಸ್ಸೆಲ್ಸಿಯಿಂದ ಡಿಗ್ರಿವರೆಗಿನ ಅಂಕವನ್ನೂ ತೂಗುತ್ತದೆ. ಎರಡು, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪಿ.ಜಿ.ಸಿ.ಇ.ಟಿ. ಡಿಗ್ರಿಯಲ್ಲಿ ಶೇ. 50 ಬೇಕು, ಪರಿಶಿಷ್ಟರಿಗೂ ಪ್ರವರ್ಗ-1ಕ್ಕೂ ಶೇ. 45 ಸಾಕು. ರಾಜ್ಯದ ಸರ್ಕಾರಿ ಸೀಟು, ರಾಜ್ಯದ ಮೀಸಲಾತಿ ಸಿಗೋದು ಇಲ್ಲೇ. ಮೂರು, ಮ್ಯಾನೇಜ್‌ಮೆಂಟ್ ಸೀಟು. ಅಲ್ಲಿ ತೂಕ ದುಡ್ಡಿನದು.

ನಮ್ಮವರು ಎಡವುವುದು ಇಲ್ಲೇ. ಎರಡನೇ ಬಾಗಿಲಿನ ಅರ್ಜಿ ದಿನ ತಪ್ಪಿಸಿಕೊಂಡು, ಏಜೆಂಟನ ಮಾತಿಗೆ ಮರುಳಾಗಿ, ತಾಯಿಯ ಒಡವೆ ಅಡವಿಟ್ಟು ಮೂರನೇ ಬಾಗಿಲಿಗೆ ಹೋಗ್ತಾರೆ. ಎರಡು ವರ್ಷ ಕಳೆದ ಮೇಲೆ ಸಿಗುವುದು ಡಿಗ್ರಿಗೇ ಸಿಗುತ್ತಿದ್ದ ಕೆಲಸವಾದರೆ ಸಾಲ ತೀರಿಸೋರು ಯಾರು?

ದುಡ್ಡು ಕಟ್ಟೋ ಮುಂಚೆ ಕೇಳಿ: ಎ.ಐ.ಸಿ.ಟಿ.ಇ. ಮಾನ್ಯತೆ ಇದೆಯೇ? ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು? ಜಾಹೀರಾತಿನಲ್ಲಿ ಹಾಕೋದು ಒಬ್ಬನ ದೊಡ್ಡ ಸಂಬಳ. ಸಾಲಿನ ನಡುವೆ ನಿಂತವನಿಗೆ ಎಷ್ಟು ಸಿಕ್ಕಿತು?

ಟನ್ ಅದಿರಿಗೆ ಎಷ್ಟು ಗ್ರಾಂ ಚಿನ್ನ ಅಂತ ಲೆಕ್ಕ ಹಾಕಿದ ಊರಿದು. ಕಾಲೇಜಿಗೂ ಅದೇ ಲೆಕ್ಕ ಹಾಕಿ.