ಕೇಳದೆ ಬಂದ ಸರ್ಚ್ ಎಂಜಿನ್ನೂ ಲ್ಯಾಬಿನ ಬೀಗವೂ



ಮೊದಲು ಒಂದು ತಪ್ಪನ್ನು ಒಪ್ಪಿಕೊಂಡು ಆಮೇಲೆ ನನ್ನ ಅಭಿಪ್ರಾಯ ಹೇಳುತ್ತೇನೆ. ನಮ್ಮ ಶಾಲೆಯ ಕಂಪ್ಯೂಟರ್ ಲ್ಯಾಬಿಗೆ ಬೀಗ ಬಿದ್ದು ಇವತ್ತಿಗೆ 19 ದಿನ. ಎಂಟನೇ ಕ್ಲಾಸಿನ ಹುಡುಗರು ಏನೋ ಒತ್ತಿ ಕೆಡಿಸಿದರು ಎಂದು ನೀವೆಲ್ಲ ಅಂದುಕೊಂಡಿದ್ದೀರಿ. ಕೆಡಿಸಿದ್ದು ಅವರಲ್ಲ, ನಾನು. ಆರು ದಿನ ಆ ಹುಡುಗರು ಬೈಸಿಕೊಂಡರು, ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ. ಆಮೇಲೆ ತಡೆಯಲಾರದೆ ಮುಖ್ಯೋಪಾಧ್ಯಾಯರ ಹತ್ತಿರ ಹೋಗಿ ಹೇಳಿದೆ. ಆ ಹುಡುಗರ ಹತ್ತಿರವೂ ಕ್ಷಮೆ ಕೇಳಿದ್ದೇನೆ. ಈಗ ನಿಮ್ಮೆಲ್ಲರ ಮುಂದೆ ಕೇಳುತ್ತಿದ್ದೇನೆ.

ನಡೆದದ್ದು ಇಷ್ಟು. ಸಮಾಜ ವಿಜ್ಞಾನದ ಪ್ರಾಜೆಕ್ಟಿಗೆ ಕಿತ್ತೂರು ಚೆನ್ನಮ್ಮನ ವಿಷಯ ಬೇಕಿತ್ತು. ಒಂದು ಒಳ್ಳೆಯ ಪಿಡಿಎಫ್ ಸಿಕ್ಕಿತು. ಅದನ್ನು ವರ್ಡ್ ಫೈಲ್ ಮಾಡಿಕೊಂಡರೆ ಟೈಪ್ ಮಾಡುವ ಕೆಲಸ ಉಳಿಯುತ್ತದೆ ಅಂತ ಆಸೆ ಆಯಿತು. ಯಾವುದೋ ಒಂದು ಪೇಜಿನಲ್ಲಿ "ಪುಕ್ಕಟೆ" ಅಂತ ಬರೆದಿದ್ದ ಪ್ರೋಗ್ರಾಂ ಇಳಿಸಿಕೊಂಡೆ. ಅದು ಏನೇನೋ ಕೇಳಿತು. ಓದುವ ತಾಳ್ಮೆ ಯಾರಿಗಿದೆ? ನೆಕ್ಸ್ಟ್, ನೆಕ್ಸ್ಟ್, ನೆಕ್ಸ್ಟ್ ಒತ್ತಿದೆ. ಮಧ್ಯದಲ್ಲಿ ಒಂದು ಚಿಕ್ಕ ಚೌಕ ಇತ್ತು, ಅದರಲ್ಲಿ ಟಿಕ್ ಮೊದಲೇ ಹಾಕಿತ್ತು. "ನಿಮ್ಮ ಸರ್ಚ್ ಎಂಜಿನ್ ಬದಲಾಯಿಸಲು ಒಪ್ಪಿದ್ದೇನೆ" ಅಂತ ಅದರ ಅರ್ಥವಂತೆ. ಒಪ್ಪಿದ್ದು ನಾನಲ್ಲ, ನನ್ನ ಅವಸರ.

ಮಾರನೇ ದಿನದಿಂದ ಆ ಕಂಪ್ಯೂಟರಿನಲ್ಲಿ ಏನು ಹುಡುಕಿದರೂ ಹೆಸರೇ ಕೇಳದ ಒಂದು ಪೇಜು ಬರತೊಡಗಿತು. ಕಿತ್ತೂರು ಚೆನ್ನಮ್ಮ ಎಂದು ಹಾಕಿದರೆ ಮೊದಲು ಟೂರ್ ಪ್ಯಾಕೇಜು, ಆಮೇಲೆ ಸಾಲ ಕೊಡುತ್ತೇವೆ ಅನ್ನೋ ಜಾಹೀರಾತು, ಅದರ ಕೆಳಗೆ ಎಲ್ಲೋ ಚೆನ್ನಮ್ಮ. 1824ರಲ್ಲಿ ಬ್ರಿಟಿಷರನ್ನು ಎದುರಿಸಿದ ರಾಣಿಯನ್ನು ನೋಡಬೇಕಾದರೆ ನಾಲ್ಕು ಅಂಗಡಿ ದಾಟಿ ಹೋಗಬೇಕು!

ಇಷ್ಟೇ ಆಗಿದ್ದರೆ ನಗಬಹುದಿತ್ತು. ನನ್ನ ಗೆಳತಿ ಒಬ್ಬಳು ಅದೇ ಕಂಪ್ಯೂಟರಿನಲ್ಲಿ ವಿದ್ಯಾರ್ಥಿವೇತನದ ಅರ್ಜಿ ಹುಡುಕಿದಳು. ಎಲ್ಲಕ್ಕಿಂತ ಮೇಲೆ ಬಂದದ್ದನ್ನು ಒತ್ತಿದಳು. ಸರ್ಕಾರದ್ದೇ ಅನ್ನುವ ಹಾಗೆ ಇತ್ತು. ಆಧಾರ್ ನಂಬರು, ಅಪ್ಪನ ಫೋನ್ ನಂಬರು ಕೇಳಿತು, ಕೊನೆಗೆ 250 ರೂಪಾಯಿ ಶುಲ್ಕ ಕೇಳಿತು. ಅವಳ ಪುಣ್ಯ, ಮೇಡಂ ಹಿಂದೆ ನಿಂತಿದ್ದರು. "ಸ್ಕಾಲರ್‌ಶಿಪ್‌ಗೆ ಯಾರಮ್ಮ ದುಡ್ಡು ಕೇಳ್ತಾರೆ? ತೆಗಿ ಕೈ" ಅಂದರು. ವಿಳಾಸ ನೋಡಿದರೆ ಅದರ ಕೊನೆಯಲ್ಲಿ ಡಾಟ್ ಗವ್ ಡಾಟ್ ಇನ್ ಇರಲೇ ಇಲ್ಲ. ನಮ್ಮ ರಾಜ್ಯದ ಸ್ಕಾಲರ್‌ಶಿಪ್ ತಾಣದ ವಿಳಾಸ ಕರ್ನಾಟಕ ಡಾಟ್ ಗವ್ ಡಾಟ್ ಇನ್ ಎಂದು ಮುಗಿಯುತ್ತದೆ. ಅವತ್ತೇ ಸಾಯಂಕಾಲ ಲ್ಯಾಬಿಗೆ ಬೀಗ ಬಿತ್ತು. ಕೆಟ್ಟದ್ದು ಒಂದು ಕಂಪ್ಯೂಟರ್, ಬೀಗದೊಳಗೆ ಹೋದದ್ದು ಐದು.

ಸರ್ಚ್ ಎಂಜಿನ್ ಅಂದರೆ ಏನು ಅಂತ ಚಿಕ್ಕ ಕ್ಲಾಸಿನವರು ಕೇಳಬಹುದು. ಸಂತೆಯ ಬಾಗಿಲಲ್ಲಿ ನಿಂತಿರುವ ಒಬ್ಬನನ್ನು "ಅಣ್ಣಾ, ಬಿತ್ತನೆ ರಾಗಿ ಎಲ್ಲಿ ಸಿಗುತ್ತೆ?" ಎಂದು ಕೇಳುತ್ತೇವಲ್ಲ, ಆ ಮನುಷ್ಯ ಇದ್ದ ಹಾಗೆ. ಸಂತೆಯೆಲ್ಲ ತಿರುಗಿ ನೋಡಿಕೊಂಡವನು, ನಮಗೆ ದಾರಿ ತೋರಿಸುತ್ತಾನೆ. ನಾವು ಯಾರನ್ನೂ ಆರಿಸದೆ ಇದ್ದಾಗ ಕಂಪ್ಯೂಟರು ತಾನಾಗಿ ಯಾರನ್ನು ಕೇಳುತ್ತದೋ ಅದಕ್ಕೆ ಡಿಫಾಲ್ಟ್ ಅನ್ನುತ್ತಾರೆ. ಒಳ್ಳೆಯವನಾದರೆ ನೆಟ್ಟಗೆ ಅಂಗಡಿಗೆ ಕಳಿಸುತ್ತಾನೆ. ದಲ್ಲಾಳಿಯಾದರೆ ಕಮಿಷನ್ ಕೊಡುವವನ ಅಂಗಡಿಗೆ ಕಳಿಸುತ್ತಾನೆ. ನಮ್ಮ ಕಂಪ್ಯೂಟರಿಗೆ ಬಂದು ಕೂತದ್ದು ದಲ್ಲಾಳಿ. ನಾವು ಜಾಹೀರಾತು ಒತ್ತಿದಷ್ಟೂ ಅದನ್ನು ತಂದು ಕೂರಿಸಿದವರಿಗೆ ಕಾಸು. ಇಂಥವು ಎಷ್ಟೋ ಸಲ ಬೇರೆ ದೊಡ್ಡ ಸರ್ಚ್ ಎಂಜಿನ್ನಿನ ಉತ್ತರವನ್ನೇ ತಂದು, ಮೇಲೆ ತಮ್ಮ ಜಾಹೀರಾತು ಹೊದಿಸಿ ಕೊಡುತ್ತವೆ. ಹಾಲು ಬೇರೆಯವರದ್ದು, ನೀರು ಇವರದ್ದು.

ರಿಪೇರಿಗೆ ಪೇಟೆಯಿಂದ ಬಂದವರು, "ಪೂರ್ತಿ ಫಾರ್ಮ್ಯಾಟ್ ಮಾಡ್ಬೇಕು, 800 ಆಗುತ್ತೆ" ಅಂದರು. ಫಾರ್ಮ್ಯಾಟ್ ಮಾಡಿದರೆ ನಮ್ಮ ಪ್ರಾಜೆಕ್ಟುಗಳೆಲ್ಲ ಅಳಿಸಿ ಹೋಗುತ್ತವೆ. ಡಿಪ್ಲೊಮಾ ಓದುವ ನಮ್ಮಣ್ಣನಿಗೆ ಫೋನ್ ಮಾಡಿದೆ. "ನೆಗಡಿ ಬಂತು ಅಂತ ಮೂಗು ಕೊಯ್ಕೋತೀರೇನೇ? ಮೇಷ್ಟ್ರನ್ನ ಕೇಳಿ ಕಂಪ್ಯೂಟರ್ ಮುಂದೆ ಕೂತ್ಕೊ, ನಾನು ಹೇಳ್ತೀನಿ" ಅಂದ. ಶನಿವಾರ ವಿಜ್ಞಾನದ ಮೇಷ್ಟ್ರು ಜೊತೆಗೆ ಕೂತರು. ನಾವು ಮಾಡಿದ್ದನ್ನು ಕ್ರಮವಾಗಿ ಬರೆಯುತ್ತೇನೆ, ಬೇಕಾದವರು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಿ.

ನಮ್ಮ ಲ್ಯಾಬಿನಲ್ಲಿರುವುದು ಕ್ರೋಮ್. ಅದರ ಬಲಗಡೆ ಮೇಲಿನ ಮೂಲೆಯಲ್ಲಿ ಮೂರು ಚುಕ್ಕಿ ಇವೆ. ಅದನ್ನು ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ, ಎಡಗಡೆ ಸರ್ಚ್ ಎಂಜಿನ್ ಅಂತ ಇರುವುದನ್ನು ಒತ್ತಬೇಕು. ಅಲ್ಲಿ ನಮಗೆ ಬೇಕಾದದ್ದನ್ನು ಡಿಫಾಲ್ಟ್ ಮಾಡಬೇಕು. ಆಮೇಲೆ ಅಲ್ಲೇ ಮ್ಯಾನೇಜ್ ಸರ್ಚ್ ಎಂಜಿನ್ಸ್ ಎಂಬುದರೊಳಗೆ ಬೇಡದ್ದನ್ನು ಅಳಿಸಬೇಕು. ಈ ಕ್ರಮ ತಪ್ಪಬಾರದು, ಯಾಕೆಂದರೆ ಡಿಫಾಲ್ಟ್ ಆಗಿ ಕೂತಿರುವುದನ್ನು ಅಳಿಸಲು ಅದು ಬಿಡುವುದಿಲ್ಲ. ಮೊದಲು ಬೇರೆಯವರನ್ನು ಕುರ್ಚಿಯಲ್ಲಿ ಕೂರಿಸಿ ಆಮೇಲೆ ಇವರನ್ನು ಇಳಿಸಬೇಕು.

ಐದು ನಿಮಿಷದಲ್ಲಿ ಆಯ್ತಲ್ಲ ಅಂತ ಖುಷಿಪಟ್ಟೆವು. ಕ್ರೋಮ್ ಮುಚ್ಚಿ ತೆಗೆದರೆ ಮತ್ತೆ ಅದೇ ಪೇಜು! ಮುಂಬಾಗಿಲಲ್ಲಿ ಓಡಿಸಿದ್ದು ಹಿತ್ತಲಿಂದ ಬಂದಿತ್ತು. ಅಣ್ಣ ನಕ್ಕ. "ಎಕ್ಸ್‌ಟೆನ್ಷನ್ ನೋಡಿದ್ರಾ?" ಅಂದ. ಎಕ್ಸ್‌ಟೆನ್ಷನ್ ಅಂದರೆ ಕ್ರೋಮಿಗೆ ಅಂಟಿಕೊಳ್ಳುವ ಚಿಕ್ಕ ಪ್ರೋಗ್ರಾಂ. ಮೂರು ಚುಕ್ಕಿಯಲ್ಲಿ ಎಕ್ಸ್‌ಟೆನ್ಷನ್ಸ್, ಅದರಲ್ಲಿ ಮ್ಯಾನೇಜ್ ಎಕ್ಸ್‌ಟೆನ್ಷನ್ಸ್. ಯಾರೂ ಹಾಕದ ಒಂದು ಅಲ್ಲಿ ಇತ್ತು. ರಿಮೂವ್ ಒತ್ತಿದೆವು.

ಅದನ್ನು ತಂದು ಹಾಕಿದ ಮೂಲ ಇನ್ನೂ ವಿಂಡೋಸ್‌ನಲ್ಲೇ ಇತ್ತು. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್ ಅಂತ ಇದೆ. ಅಲ್ಲಿರುವ ಪಟ್ಟಿಯನ್ನು ಹಾಕಿದ ತಾರೀಖಿನ ಪ್ರಕಾರ ಜೋಡಿಸಿ ನೋಡಿದರೆ ಕಳ್ಳ ತಾನಾಗಿ ಸಿಗುತ್ತಾನೆ. ನಾನು ಪ್ರೋಗ್ರಾಂ ಇಳಿಸಿದ ದಿನವೇ ನನಗೆ ಗೊತ್ತಿಲ್ಲದ ಇನ್ನೂ ಎರಡು ಬಂದಿದ್ದವು. ಮೂರನ್ನೂ ಅನ್‌ಇನ್‌ಸ್ಟಾಲ್ ಮಾಡಿದೆವು. ಡೆಸ್ಕ್‌ಟಾಪಿನ ಮೇಲಿರುವ ಕ್ರೋಮ್ ಚಿತ್ರದ ಮೇಲೆ ಬಲಗಡೆ ಗುಂಡಿ ಒತ್ತಿ ಪ್ರಾಪರ್ಟೀಸ್‌ನಲ್ಲಿ ಟಾರ್ಗೆಟ್ ಎಂಬ ಸಾಲು ನೋಡಿದೆವು. ಕ್ರೋಮ್ ಡಾಟ್ ಇಎಕ್ಸ್‌ಇ ಆದ ಮೇಲೆ ಯಾವುದೋ ವೆಬ್ ವಿಳಾಸ ಸೇರಿಸಿದ್ದರು! ಅದನ್ನೂ ಅಳಿಸಿದೆವು. ಕ್ರೋಮ್ ತೆರೆದ ಕೂಡಲೇ ಯಾವ ಪೇಜು ಬರಬೇಕು ಎನ್ನುವುದನ್ನು ಆನ್ ಸ್ಟಾರ್ಟಪ್ ಎಂಬಲ್ಲಿ ಸರಿ ಮಾಡಿದೆವು. ಕೊನೆಗೆ ವಿಂಡೋಸ್ ಜೊತೆಗೇ ಬರುವ ಸೆಕ್ಯುರಿಟಿಯಲ್ಲಿ ಸ್ಕ್ಯಾನ್ ಹಾಕಿದೆವು.

ಇಷ್ಟಾದರೂ ಹೋಗದಿದ್ದರೆ ಕ್ರೋಮಿನ ಸೆಟ್ಟಿಂಗ್ಸ್‌ನಲ್ಲೇ ರೀಸೆಟ್ ಇದೆ. ಅದು ಎಕ್ಸ್‌ಟೆನ್ಷನ್‌ಗಳನ್ನು ನಿಲ್ಲಿಸಿ ಎಲ್ಲವನ್ನೂ ಮೊದಲಿನಂತೆ ಮಾಡುತ್ತದೆ. ಬುಕ್‌ಮಾರ್ಕು, ಉಳಿಸಿದ ಪಾಸ್‌ವರ್ಡು ಹೋಗುವುದಿಲ್ಲ. ನಮಗೆ ಅದರ ಅಗತ್ಯ ಬೀಳಲಿಲ್ಲ. ಒಟ್ಟು ಮುಕ್ಕಾಲು ಗಂಟೆ. ಖರ್ಚು ಸೊನ್ನೆ. ಒಂದು ಫೈಲೂ ಅಳಿಸಲಿಲ್ಲ.

ಇಲ್ಲಿಗೆ ಕಥೆ ಮುಗಿಯಿತು ಅಂದುಕೊಂಡಿದ್ದೆ. ಆದರೆ ಮೇಷ್ಟ್ರು ಒಂದು ಪ್ರಶ್ನೆ ಕೇಳಿದರು. "ಕಳ್ಳನ್ನ ಓಡಿಸಿದ್ವಿ, ಸರಿ. ಮೊದಲು ಇದ್ದದ್ದನ್ನ ಯಾರು ಕೂರಿಸಿದ್ದರು? ನೀನಾ, ನಾನಾ?" ನನಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆ.

ಫೋನುಗಳಲ್ಲಿ, ಬ್ರೌಸರುಗಳಲ್ಲಿ ತನ್ನ ಸರ್ಚ್ ಎಂಜಿನ್ನೇ ಮೊದಲಿಂದ ಇರಲಿ ಎಂದು ಗೂಗಲ್ ಕಂಪನಿ ಬೇರೆ ಕಂಪನಿಗಳಿಗೆ 2021ನೇ ಇಸವಿ ಒಂದರಲ್ಲೇ ಕೊಟ್ಟ ಹಣ 2,630 ಕೋಟಿ ಡಾಲರ್. ಇದು ಅಮೆರಿಕದ ಕೋರ್ಟಿನಲ್ಲಿ ಹೊರಬಿದ್ದ ಲೆಕ್ಕ. ಆ ಕೇಸಿನಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ ಅವರು 2024ರ ಆಗಸ್ಟ್ 5ರಂದು, ಗೂಗಲ್ ತನ್ನ ಏಕಸ್ವಾಮ್ಯವನ್ನು ಕಾನೂನಿಗೆ ವಿರುದ್ಧವಾಗಿ ಉಳಿಸಿಕೊಂಡಿದೆ ಎಂದು ತೀರ್ಪು ಕೊಟ್ಟರು. 2025ರ ಸೆಪ್ಟೆಂಬರಿನಲ್ಲಿ, ಬೇರೆಯವರಿಗೆ ಜಾಗವೇ ಇಲ್ಲದಂಥ ಒಪ್ಪಂದ ಮಾಡಿಕೊಳ್ಳಬಾರದು ಎಂದರು, ಆದರೆ ಹಣ ಕೊಡುವುದನ್ನೇ ಪೂರ್ತಿ ನಿಲ್ಲಿಸಲಿಲ್ಲ. ನಮ್ಮ ದೇಶದಲ್ಲೂ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಆಂಡ್ರಾಯ್ಡ್ ಫೋನುಗಳ ವಿಷಯದಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಹೊಸ ಫೋನ್ ಶುರು ಮಾಡುವಾಗ ಸರ್ಚ್ ಎಂಜಿನ್ ಆರಿಸಿಕೊಳ್ಳುವ ಅವಕಾಶ ಜನರಿಗೆ ಕೊಡಬೇಕು ಎಂಬುದೂ ಆ ಆದೇಶದಲ್ಲಿತ್ತು.

ಗೆಳೆಯರೇ, ಇಷ್ಟು ಹಣ ಯಾಕೆ ಕೊಡುತ್ತಾರೆ ಯೋಚಿಸಿ. ಬದಲಾಯಿಸಲು ನಮಗೆ ದಾರಿ ಇದೆ, ಎರಡು ನಿಮಿಷದ ಕೆಲಸ. ಆದರೂ ಮೊದಲು ಏನಿತ್ತೋ ಅದನ್ನೇ ನಾವು ಇಟ್ಟುಕೊಳ್ಳುತ್ತೇವೆ ಎಂದು ಅವರಿಗೆ ಚೆನ್ನಾಗಿ ಗೊತ್ತು. ನಮ್ಮ ಸೋಮಾರಿತನಕ್ಕೆ ಕಟ್ಟಿದ ಬೆಲೆ ಅದು. ನಾನು ನೆಕ್ಸ್ಟ್ ನೆಕ್ಸ್ಟ್ ಒತ್ತುತ್ತೇನೆ ಅಂತ ಆ ಪುಕ್ಕಟೆ ಪ್ರೋಗ್ರಾಂ ಮಾಡಿದವರಿಗೂ ಗೊತ್ತಿತ್ತು.

ಹಾಗಂತ ದೊಡ್ಡ ಕಂಪನಿಯೂ ಆ ಕಳ್ಳ ಪ್ರೋಗ್ರಾಮೂ ಒಂದೇ ಅಂತ ನಾನು ಹೇಳುವುದಿಲ್ಲ. ಒಬ್ಬರು ಹುಡುಕಿಕೊಡುವ ಕೆಲಸವನ್ನು ನಿಜವಾಗಿ ಮಾಡುತ್ತಾರೆ, ಇನ್ನೊಬ್ಬರು ಮಾಡುವುದಿಲ್ಲ. ಗೂಗಲ್, ಬಿಂಗ್, ಡಕ್‌ಡಕ್‌ಗೋ ಮೂರರಲ್ಲೂ ನಾವು ಕನ್ನಡ ಅಕ್ಷರದಲ್ಲೇ "ಕಿತ್ತೂರು ಚೆನ್ನಮ್ಮ" ಎಂದು ಹುಡುಕಿ ನೋಡಿದೆವು. ಒಂದರಲ್ಲಿ ಮೊದಲು ವಿಕಿಪೀಡಿಯ ಬಂತು, ಇನ್ನೊಂದರಲ್ಲಿ ವೀಡಿಯೊ. ಮೇಷ್ಟ್ರು, ನಾನು ಚರ್ಚೆ ಮಾಡಿ ಒಂದನ್ನು ಇಟ್ಟುಕೊಂಡೆವು. ಕೊನೆಗೆ ಇಟ್ಟುಕೊಂಡದ್ದು ಮೊದಲು ಇದ್ದದ್ದನ್ನೇ! ಆದರೆ ಈಗ ಅದು ನಾವು ನೋಡಿ ಆರಿಸಿದ್ದು. ನಾಳೆ ಸರಿ ಕಾಣದಿದ್ದರೆ ಬದಲಾಯಿಸಲೂ ಬರುತ್ತದೆ.

ಈಗ ನನ್ನ ಅಭಿಪ್ರಾಯ. ಲ್ಯಾಬಿಗೆ ಹಾಕಿದ ಬೀಗ ತೆಗೆಯಬೇಕು.

ಮುಟ್ಟದೇ ಇದ್ದರೆ ಕೆಡುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ, ನಿಜ. ಗೆಳತಿಯ ಆಧಾರ್ ನಂಬರು ಹೋಗಿದ್ದರೆ ಅದಕ್ಕೆ ಉತ್ತರ ಕೊಡಬೇಕಾದವರು ಗುರುಗಳೇ, ಅವರ ಹೆದರಿಕೆಯೂ ನ್ಯಾಯವಾದದ್ದು. ಆದರೆ ಊರಿಗೆ ಬಂದೋಳು ನೀರಿಗೆ ಬಾರದೆ ಇರುತ್ತಾಳೆಯೇ? ಮುಂದಿನ ವರ್ಷ ನಾವು ಪಿಯುಸಿಗೆ ಅರ್ಜಿ ಹಾಕಬೇಕು, ಜಾತಿ ಆದಾಯ ಸರ್ಟಿಫಿಕೇಟಿಗೆ ಅರ್ಜಿ ಹಾಕಬೇಕು, ಅಪ್ಪ ಅಮ್ಮನಿಗೆ ಪಹಣಿ ತೆಗೆದುಕೊಡಬೇಕು. ಆಗ ಹಿಂದೆ ಮೇಡಂ ನಿಂತಿರುವುದಿಲ್ಲ. ವಿಳಾಸದ ಕೊನೆ ನೋಡುವುದನ್ನು ಇಲ್ಲಿ ಕಲಿಯದೆ ಇನ್ನೆಲ್ಲಿ ಕಲಿಯೋಣ?

ಬೀಗದ ಬದಲು ನಾಲ್ಕು ಕೆಲಸ ಮಾಡೋಣ ಅಂತ ಕೇಳಿಕೊಳ್ಳುತ್ತೇನೆ. ಒಂದು, ಮಕ್ಕಳಿಗೆ ಬೇರೆ ಖಾತೆ, ಗುರುಗಳಿಗೆ ಬೇರೆ ಖಾತೆ ಇರಲಿ. ಹೊಸ ಪ್ರೋಗ್ರಾಂ ಹಾಕುವ ಪಾಸ್‌ವರ್ಡ್ ಗುರುಗಳ ಹತ್ತಿರ ಮಾತ್ರ ಇರಲಿ. ಎರಡು, ಲ್ಯಾಬಿನಲ್ಲಿ ಒಂದು ಪುಸ್ತಕ ಇಟ್ಟು ಯಾರು, ಯಾವತ್ತು, ಏನು ಹಾಕಿದರು ಎಂದು ಬರೆಯೋಣ. ಆಗ ಒಬ್ಬರು ಮಾಡಿದ್ದಕ್ಕೆ ಇನ್ನೊಬ್ಬರು ಬೈಸಿಕೊಳ್ಳುವುದು ತಪ್ಪುತ್ತದೆ. ಮೂರು, ಪ್ರತಿ ಸೋಮವಾರ ಇಬ್ಬರು ಐದೂ ಕಂಪ್ಯೂಟರಿನ ಸರ್ಚ್ ಎಂಜಿನ್ನು, ಎಕ್ಸ್‌ಟೆನ್ಷನ್ನು ನೋಡಲಿ. ಖಾತೆ ಬೇರೆ ಮಾಡಿದರೂ ಎಕ್ಸ್‌ಟೆನ್ಷನ್ ನುಸುಳಬಹುದು. ನಾಲ್ಕು, ಮೊದಲೇ ಟಿಕ್ ಹಾಕಿದ ಚೌಕ ಕಂಡರೆ ಕೈ ಎತ್ತಿ ಕೇಳೋಣ. ಇಂಗ್ಲಿಷ್ ಅರ್ಥವಾಗದಿದ್ದರೆ ನಾಚಿಕೆ ಬೇಡ. ನಾನು ನಾಚಿಕೊಂಡೇ ನೆಕ್ಸ್ಟ್ ಒತ್ತಿದ್ದು.

ಮೊದಲ ಸೋಮವಾರದ ಪಾಳಿ ನನಗೆ ಇರಲಿ. ನನ್ನ ಜೊತೆಗೆ ಬೈಸಿಕೊಂಡ ಆ ಎಂಟನೇ ಕ್ಲಾಸಿನವರಲ್ಲಿ ಒಬ್ಬರು ಬರಬೇಕು, ಅವರಿಗೆ ಎಲ್ಲವನ್ನೂ ನಾನೇ ತೋರಿಸಿಕೊಡುತ್ತೇನೆ. ಬೀಗದ ಕೈ ಕೊಡುವುದು ಬಿಡುವುದು ಗುರುಗಳಿಗೆ ಬಿಟ್ಟದ್ದು.

ಇದು ನನ್ನ ಅನಿಸಿಕೆ. ತಪ್ಪಿದ್ದರೆ ತಿದ್ದಿ. ಒಪ್ಪದಿದ್ದವರು ಪಕ್ಕದ ಖಾಲಿ ಹಾಳೆಯಲ್ಲಿ ಬರೆಯಿರಿ, ಹೆಸರು ಹಾಕಿ ಬರೆಯಿರಿ.

ಇತಿ ನಿಮ್ಮ ಸಹಪಾಠಿ,
ಹತ್ತನೇ ತರಗತಿ