ವಜ್ರದ ಅಂಚು, ಶಾಲೆಯ ಮೇಜು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಶಾಲೆಗಳಲ್ಲಿ ಒತ್ತಡದ ಪಾಠ ಪ್ರತಿವರ್ಷವೂ ನಡೆಯುತ್ತದೆ. ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡವೆಂದು ವಿದ್ಯಾರ್ಥಿ ಕಂಠಪಾಠ ಒಪ್ಪಿಸಿದರೆ ಅಂಕ ದೊರೆಯುತ್ತದೆ. ಆದರೆ ಆ ಸೂತ್ರದ ಸಾಮರ್ಥ್ಯ ಅವನ ಅನುಭವಕ್ಕೆ ಬಾರದಿದ್ದರೆ ಪಾಠ ಮುಗಿದಂತಾಗದು.

ಒಂದು ಕ್ವಿಂಟಲ್ ಮೆಕ್ಕೆಜೋಳದ ಭಾರವೆಲ್ಲ 0.3 ಮಿ.ಮೀ. ವ್ಯಾಸದ ತುದಿಯೊಂದರ ಮೇಲೆ ಬಿದ್ದರೆ, ಅಲ್ಲಿ ವಾತಾವರಣದ ಒತ್ತಡದ ಲಕ್ಷ ಪಟ್ಟಿಗೂ ಮಿಕ್ಕಿದ ಒತ್ತಡ ಉಂಟಾಗುತ್ತದೆ. ಈ ತತ್ತ್ವವನ್ನೇ ನೆಚ್ಚಿ ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯ ವಿಜ್ಞಾನಿಗಳು 1959ರಲ್ಲಿ ಅಂಗೈಯಗಲದ ಉಪಕರಣವೊಂದನ್ನು ಪ್ರಕಟಿಸಿದರು. ಕಮ್ಮಾರನ ಅಡಿಗಲ್ಲಿನಂತೆ ಎದುರುಬದುರಾದ ಎರಡು ವಜ್ರಗಳ ತುದಿಗಳ ನಡುವೆ ವಸ್ತುವಿನ ಕಣವನ್ನಿಟ್ಟು ತಿರುಪು ಬಿಗಿಯುವುದೇ ಅದರ ಕ್ರಮ. ವಜ್ರ ಪಾರದರ್ಶಕವಾದ್ದರಿಂದ ಒಳಗಿನ ಮಾರ್ಪಾಡು ಕಣ್ಣಿಗೇ ಕಾಣುತ್ತದೆ.

ಮುಂದಿನ ಪ್ರಗತಿ ಬಂದುದು ಬಲವನ್ನು ಹೆಚ್ಚಿಸಿದ್ದರಿಂದ ಮಾತ್ರವಲ್ಲ, ಆಕಾರವನ್ನು ತಿದ್ದಿದ್ದರಿಂದ. ತುದಿಯ ಅಂಚಿನಲ್ಲಿ ಒತ್ತಡ ಕೇಂದ್ರೀಕರಿಸಿದರೆ ವಜ್ರವೇ ಸೀಳುತ್ತದೆ. ಆದ್ದರಿಂದ ಅಂಚನ್ನು ತುಸು ಓರೆಯಾಗಿ ಸವೆಸಲಾಯಿತು. 1978ರಲ್ಲಿ ಮಾವೋ ಮತ್ತು ಬೆಲ್ ಸುಮಾರು 17 ಲಕ್ಷ ಪಟ್ಟು ಒತ್ತಡವನ್ನು ಮುಟ್ಟಿದರು. 2018ರಲ್ಲಿ ತುದಿಯ ಸುತ್ತ ಉಂಗುರದಂತಹ ತೋಡನ್ನು ಕೊರೆದು ಸುಮಾರು 60 ಲಕ್ಷ ಪಟ್ಟನ್ನು ಸಾಧಿಸಲಾಯಿತು. ಭೂಗರ್ಭದ ನಟ್ಟನಡುವಿನ ಒತ್ತಡ ಸುಮಾರು 36 ಲಕ್ಷ ಪಟ್ಟು ಮಾತ್ರ! ಉಳಿಯ ಬಾಯಿ ತೀರ ತೆಳುವಾದರೆ ಮುಕ್ಕಾಗುವುದೆಂದು ಬಲ್ಲ ಕಲ್ಲುಕುಟಿಗನಿಗೆ ಈ ವಿವೇಕ ಅಪರಿಚಿತವಲ್ಲ.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸಿ.ವಿ. ರಾಮನ್ನರ ಶಿಷ್ಯರಾಗಿದ್ದ ಎ. ಜಯರಾಮನ್, ಈ ಉಪಕರಣವನ್ನು ಕುರಿತು 1983ರಲ್ಲಿ ಬರೆದ ಸಮೀಕ್ಷೆ ಜಗತ್ತಿನ ಪ್ರಯೋಗಕಾರರಿಗೆ ಮಾರ್ಗದರ್ಶಕವಾಯಿತು.

ವಜ್ರದ ಉಪಕರಣ ದೊಡ್ಡ ಪ್ರಯೋಗಾಲಯಗಳದು, ಹಳ್ಳಿಯ ಶಾಲೆಗೇಕೆಂದು ಕೆಲವರು ಕೇಳಬಹುದು. ಶಾಲೆಗೆ ಬೇಕಾದುದು ವಜ್ರವಲ್ಲ, ಅದನ್ನು ತಿದ್ದಿದ ಕೈಗಳ ಅಭ್ಯಾಸ. ತಿರುಪು, ಅರ, ಮಸೂರ, ತಕ್ಕಡಿಗಳುಳ್ಳ ಒಂದು ಗಟ್ಟಿ ಮೇಜು ಸಾಕು. ಮೊಳೆಯೊಂದರ ತುದಿಯನ್ನು ತಾನೇ ಅರದಿಂದ ಉಜ್ಜಿ, ಅದು ಮರದಲ್ಲಿ ಎಷ್ಟು ಆಳ ಇಳಿಯಿತೆಂದು ಅಳೆದ ಬಾಲಕನು ಒತ್ತಡದ ಸೂತ್ರವನ್ನು ಮರೆಯಲಾರನು.

ದಾನಿಗಳು ಕಟ್ಟಡಕ್ಕೆ ಕೊಡುವಷ್ಟೇ ಸಂತೋಷದಿಂದ ಇಂತಹ ಮೇಜಿಗೂ ಕೊಡಲಿ. ಅಧ್ಯಾಪಕರು ಬೀರುವಿನ ಬೀಗ ತೆರೆಯಲಿ. ಉಪಕರಣವೊಂದು ಮುರಿದರೆ ನಷ್ಟ ಅಲ್ಪ, ಮಗುವಿನ ಕುತೂಹಲ ಮುರಿದರೆ ಅದನ್ನು ತುಂಬಿಕೊಡುವವರಾರು?